ಡಿಪೋ ಅಕ್ಕ ಕೆಡವಿದ ಚಪ್ಪರ

ಮೃದುಭಾಷಿಯಂತೆ! ಚಳ್ಳಕೆರೆಯ ವರ್ತಕರು ಸೇರಿ ಏರ್ಪಡಿಸಿದ್ದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಇದನ್ನೇ ಹೇಳಿದರು. ಸರಳ ಜೀವಿ, ಶಾಂತ ಸ್ವಭಾವ, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಅವರ ಫೋಟೊ ಇತ್ತು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಗಂಟಿಕ್ಕಿದ ಹುಬ್ಬು. ಆ ಹುಬ್ಬಿನ ಎದುರಿಗೆ ನಿಂತು ಇಷ್ಟು ಸಲೀಸಾಗಿ ಸುಳ್ಳು ಹೇಳುವ ಧೈರ್ಯ ಇವರಿಗೆ ಅವರು ಬದುಕಿದ್ದಾಗ ಇರಲಿಲ್ಲ.

ಎಲ್ಲರ ಕೊನೆಗೆ ಮೈಕು ಹಿಡಿದವನು ಅವರ ಚಿಕ್ಕಪ್ಪನ ಮಗ, ಈ ಭಾಗದ ದೊಡ್ಡ ಗುತ್ತಿಗೆದಾರ. “ನಮ್ಮ ಅಕ್ಕ ನಮಗೆಲ್ಲ ದಾರಿದೀಪ” ಎಂದು ಶುರುಮಾಡಿ ಜೇಬಿನಿಂದ ಕರವಸ್ತ್ರ ತೆಗೆದ. ನಾನು ಎದ್ದು ಹೊರಗೆ ಬಂದುಬಿಟ್ಟೆ. ಇನ್ನೊಂದು ಗಳಿಗೆ ಕೂತಿದ್ದರೆ ಕುರ್ಚಿ ಎತ್ತುತ್ತಿದ್ದೆನೋ ಏನೋ. ಅವರನ್ನು ಕೋರ್ಟಿನ ಕಟಕಟೆಗೆ ಹತ್ತಿಸಿದವನು ಅವನೇ. ಅದು ಸಭೆಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೂ ಚಪ್ಪಾಳೆ ಬಿದ್ದದ್ದು ಹೊರಗಿನ ರಸ್ತೆಯವರೆಗೂ ಕೇಳಿಸಿತು.

ಆದ್ದರಿಂದ ನಾನು ಬರೆಯುತ್ತಿದ್ದೇನೆ. ಅವರ ಹೆಸರು ಆ ಫ್ಲೆಕ್ಸ್‌ನಲ್ಲಿ ದಪ್ಪಕ್ಷರದಲ್ಲಿತ್ತು, ಅಷ್ಟು ಸಾಕು. ನಮ್ಮ ರಸ್ತೆಗೆಲ್ಲ ಅವರು ಡಿಪೋ ಅಕ್ಕ.

ಅವರದು ತಂದೆ ಕಟ್ಟಿದ ಟಿಂಬರ್ ಡಿಪೋ. ಅದರ ಎದುರಿಗೆ, ರಸ್ತೆಯ ಈಚೆಗೆ ನನ್ನ ವೆಲ್ಡಿಂಗ್ ಅಂಗಡಿ. ಅವರದು ಮರ, ನನ್ನದು ಕಬ್ಬಿಣ. ಮದುವೆಯಾಗಿ ಮೊಳಕಾಲ್ಮುರಿಗೆ ಹೋಗಿದ್ದವರು ಒಂದು ದಿನ ಟ್ರಂಕು ಹಿಡಿದು ವಾಪಸ್ಸು ಬಂದರಂತೆ. ಯಾಕೆಂದು ಯಾರಿಗೂ ಹೇಳಲಿಲ್ಲ, ಕೇಳುವಷ್ಟು ಎದೆ ಯಾರಿಗೂ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ಡಿಪೋ ಅವರ ಕೈಗೆ ಬಂತು. ನಾನು ಕಂಡಾಗಿನಿಂದ ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ದಿಮ್ಮಿಗಳ ನಡುವೆ ನಿಂತೇ ಇರುತ್ತಿದ್ದರು. ಕುರ್ಚಿಯೊಂದಿತ್ತು, ಅದರ ಮೇಲೆ ಬೆಕ್ಕು ಮಲಗುತ್ತಿತ್ತು.

ಅವರ ದನಿ ರಸ್ತೆ ದಾಟಿ, ನನ್ನ ಗ್ರೈಂಡರಿನ ಸದ್ದನ್ನೂ ದಾಟಿ ಬರುತ್ತಿತ್ತು. ಹೆಚ್ಚಿನ ಬೈಗುಳ ಗಿರಾಕಿಗಳಿಗೇ. ಅಂಗಡಿ ಇಟ್ಟವರು ಗಿರಾಕಿ ಕೇಳಿದ್ದನ್ನು ಕೊಡುತ್ತಾರೆ. ಇವರು ಮೊದಲು ಎಲ್ಲಿ ನೆಡುತ್ತೀಯ ಎಂದು ಕೇಳುತ್ತಿದ್ದರು. ಉತ್ತರ ಸರಿಹೋಗದಿದ್ದರೆ ಕೈಗೆ ಸಿಕ್ಕ ಮರವನ್ನೂ ಕಿತ್ತುಕೊಂಡು ಇಡುತ್ತಿದ್ದರು.

ದೊಡ್ಡಉಳ್ಳಾರ್ತಿಯ ಜಮೀನುದಾರರೊಬ್ಬರು ದನದ ಕೊಟ್ಟಿಗೆಗೆ ತೇಗದ ಕಂಬಗಳೇ ಬೇಕೆಂದು ಬಂದಿದ್ದರು. ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀಲಿ. ತೋಟದಲ್ಲಿ ಬೆಳೆದ ಎಳೆಯ ತೇಗದ ಗಳಗಳನ್ನು ಅವರು ಬೇರೆ ಕಡೆ ನೋಡಿಬಂದಿದ್ದರು, ಅದೇ ಥರದ್ದು ಇಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಅಕ್ಕ ಅಂಥದೇ ಒಂದು ತುಂಡನ್ನು ಕೊಯ್ದು ಕೊಯ್ದ ಮುಖವನ್ನು ಅವರ ಕಡೆ ತಿರುಗಿಸಿದರು. ಸುತ್ತ ಬೆಳ್ಳಗಿನ ಎಳೆಮರ, ನಡುವೆ ಹೆಬ್ಬೆಟ್ಟಿನಷ್ಟು ಕಂದು ಕೆಚ್ಚು.

“ನೋಡ್ರಿ, ಈ ಬೆಳ್ಳಗಿರಾದೆಲ್ಲ ಗೆದ್ದಲಿಗೆ ಊಟ. ಉಳಿಯಾದು ಇಷ್ಟೇ. ಇದರ ಮ್ಯಾಲೆ ಸೂರು ನಿಲ್ಲಿಸ್ತೀರಾ?”

“ತೇಗ ಅಲ್ವೇನಮ್ಮ ಅದು?” ಎಂದರು ಅವರು.

“ಹೆಸರು ತೇಗ ಅಂತ ಗೆದ್ದಲಿಗೆ ಯಾರು ಓದಿ ಹೇಳ್ತಾರ್ರಿ? ನಿಮ್ಮ ದನ ಅದರ ಕೆಳಗೆ ಮಲಗ್ತಾವೆ. ಅವಕ್ಕೆ ಬಾಯಿಲ್ಲ, ನಿಮಗೆ ಬುದ್ಧಿ ಇಲ್ಲ.”

ಆ ಮನುಷ್ಯ ಮತ್ತೆ ಆ ರಸ್ತೆಗೆ ಬರಲಿಲ್ಲ. ಅವರ ಕಡೆಯ ನಂಟರಿಷ್ಟರೂ ಬರಲಿಲ್ಲ. ಅಕ್ಕನ ಮಾತು ನಿಜವೆಂದು ಆಮೇಲೆ ಯಾರೂ ಬಂದು ಒಪ್ಪಿಕೊಳ್ಳಲೂ ಇಲ್ಲ. ಹೀಗೆ ಕಳೆದುಕೊಂಡ ಗಿರಾಕಿಗಳ ಮೇಲೆ ಇನ್ನೊಂದು ಡಿಪೋ ಬದುಕಬಹುದಿತ್ತು.

ನನ್ನನ್ನೂ ಬಿಡುತ್ತಿರಲಿಲ್ಲ. ಅವರ ಗೇಟಿಗೆ ನಾನೇ ಹಾಕಿದ್ದ ಕಬ್ಬಿಣದ ಕಂಬ ನೆಲಮಟ್ಟದಲ್ಲಿ ತುಕ್ಕು ಹಿಡಿದು ಸಣ್ಣಗಾಗಿತ್ತು. ಒಂದು ಬೆಳಿಗ್ಗೆ ರಸ್ತೆಯಾಚೆಯಿಂದ ಕೂಗಿ ಕರೆದರು. “ಬಾರಲೇ ತಮ್ಮ, ನಿನ್ನ ಉಕ್ಕಿನ ಮನುಷ್ಯನ ಕುತ್ತಿಗೆ ನೋಡು ಬಾ.”

ಕಂಬ ಯಾವತ್ತೂ ಕುತ್ತಿಗೆಯಲ್ಲೇ ಸಾಯುತ್ತದೆ ಎಂದು ಅವರು ಅಂದು ಹೇಳಿದರು. ಆಳದ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಮೇಲೆ ಬಿಸಿಲು ಒಣಗಿಸುತ್ತದೆ. ನೆಲದಿಂದ ಹೊರಗೆ ಬರುವ ಆ ಒಂದು ಗೇಣಿನಲ್ಲಿ ಮಾತ್ರ ನೀರೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ಮರ ಕೊಳೆತು ಲಡ್ಡಾಗುವುದೂ ಅಲ್ಲೇ, ಕಬ್ಬಿಣ ತುಕ್ಕು ಹಿಡಿಯುವುದೂ ಅಲ್ಲೇ. ಅದಕ್ಕೆ ಸುತ್ತ ಸಿಮೆಂಟಿನ ಬಟ್ಟಲು ಕಟ್ಟಿದರೆ ನೀರು ಹೊರಗೆ ಹೋಗಲಾರದೆ ಇನ್ನೂ ಬೇಗ ತಿನ್ನುತ್ತದೆ. ನಾನು ಹಾಕಿದ್ದ ಕಂಬಕ್ಕೆ ಅಂಥದೇ ಬಟ್ಟಲಿತ್ತು. ಇಬ್ಬರೂ ಸೇರಿ ಅದನ್ನು ಒಡೆದು ಕಲ್ಲಿನ ಪಾದದ ಮೇಲೆ ಹೊಸ ಕಂಬ ನಿಲ್ಲಿಸಿದೆವು. ಕೆಲಸ ಮುಗಿಯುವವರೆಗೂ ಬೈದರು. ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ ತರಿಸಿಕೊಟ್ಟು, ಖಾರ ಸಾಲದೆಂದು ತಂದವನಿಗೆ ಬೈದರು.

ಅವರಿಗೆ ತಪ್ಪಾಯಿತು ಎನ್ನಲು ಬರುತ್ತಿರಲಿಲ್ಲ. ಇದು ಅವರ ದೊಡ್ಡ ಕೊರತೆ, ಮುಚ್ಚಿಡುವುದಿಲ್ಲ. ಗರಗಸದ ಮೇಲಿದ್ದ ಹಳೆಯ ಕೆಲಸಗಾರನನ್ನು ಒಮ್ಮೆ ಅವನ ಅಳಿಯನ ಎದುರಿಗೇ ಹೀನಾಯವಾಗಿ ಬೈದರು. ಅವನು ಟವೆಲ್ಲು ಕೊಡವಿ ಹೋದವನು ಬರಲಿಲ್ಲ. ಅಕ್ಕ ಕೆಲವು ದಿನ ಹಲ್ಲು ಕಚ್ಚಿಕೊಂಡು ಓಡಾಡಿದರು. ಕೊನೆಗೆ ಅವನ ಮನೆಯ ಬಾಗಿಲಿಗೆ ಹೋಗಿ ನಿಂತರಂತೆ. ಬಂದ ವಿಷಯ ಬಾಯಿಂದ ಹೊರಡಲಿಲ್ಲ. “ಇದೇನು ಬಾಗಿಲು ಹಿಂಗೆ ವಾಲೈತೆ? ಮನೇಲಿ ಗಂಡಸರಿಲ್ವಾ?” ಎಂದು ರೇಗಿದರು. ಮರುದಿನ ಡಿಪೋದಿಂದ ಹೊಸ ಬಾಗಿಲುವಾಡ ಹೋಯಿತು. ಅದನ್ನು ಕೂರಿಸಿದ ಮೇಲೆ ಆ ಮನುಷ್ಯ ಕೆಲಸಕ್ಕೆ ಬಂದ. ಅವನ ಹೆಂಡತಿ ಮಾತ್ರ ಕೊನೆಯವರೆಗೂ ಅಕ್ಕನನ್ನು ಮಾತಾಡಿಸಲಿಲ್ಲ. ಸರಿಯಾಗಿಯೇ ಮಾಡಿದಳು ಎಂದು ನನಗನ್ನಿಸುತ್ತದೆ.

ರಂಜಾನ್ ಹಬ್ಬದ ದಿನ ನನ್ನ ಹೆಂಡತಿ ಅವರಿಗೆ ಶೀರ್ ಖುರ್ಮಾ ಕಳಿಸುತ್ತಿದ್ದಳು. ಪಾತ್ರೆ ಬರಿದಾಗಿ ವಾಪಸ್ಸು ಬರುತ್ತಿತ್ತು, ಜೊತೆಗೆ ಒಂದು ದೂರು. ಸಕ್ಕರೆ ಜಾಸ್ತಿ, ಇಲ್ಲವೇ ಶಾವಿಗೆ ಮುದ್ದೆ. ಒಂದು ವರ್ಷ ಮನೆಯಲ್ಲಿ ಕಾಯಿಲೆಯಾಗಿ ಕಳಿಸಲಾಗಲಿಲ್ಲ. ಅಕ್ಕ ರಸ್ತೆ ದಾಟಿ ಬಂದು, “ನಾನೇನು ನಿಮಗೆ ಬ್ಯಾಡವಾದೆನಾ?” ಎಂದು ಕೇಳಿದರು. ಆ ಒಂದು ಸಲ ಮಾತ್ರ ಅವರ ದನಿ ಸಣ್ಣಗಿತ್ತು.

ಈಗ ಚಪ್ಪರದ ವಿಷಯ.

ರಾಂಪುರದ ಆಚೆಗೆ ಒಂದು ಹಳ್ಳಿಯಲ್ಲಿ ವಾರದ ಸಂತೆ ನಡೆಯುತ್ತದೆ. ತರಕಾರಿ ಮಾರುವ ಹೆಂಗಸರು ಬಿಸಿಲಿನಲ್ಲಿ ಕೂರುತ್ತಾರೆಂದು ಸಂತೆ ಸಮಿತಿಯವರು ಹೆಂಚಿನ ಚಪ್ಪರ ಹಾಕಿಸಲು ಹೊರಟರು. ಊರಿನ ಹಳೆಯ ಚಪ್ಪರದಂತೆ ಮರದ ಕಂಬಗಳೇ ಇರಬೇಕು, ಕಮರದ ಕೆಚ್ಚು ಇಲ್ಲವೇ ಬಲಿತ ಕರಿಜಾಲಿಯ ಕೆಚ್ಚನ್ನೇ ಹಾಕಬೇಕು ಎಂದು ಮಂಜೂರಾತಿಯಲ್ಲೇ ಇತ್ತು. ಕಮರ ಈ ಕಡೆಯ ಕುರುಚಲು ಕಾಡಿನ ಮರ. ತೆಲುಗು ಮಾತಾಡುವವರು ಏಪಿ ಎನ್ನುತ್ತಾರೆ. ಅದರ ಕೆಚ್ಚಿಗೆ ಗರಗಸ ಹಾಕಿದರೆ ಹಲ್ಲು ಹೋಗುತ್ತದೆ, ಗೆದ್ದಲು ಅದರ ತಂಟೆಗೆ ಬರುವುದಿಲ್ಲ. ಗುತ್ತಿಗೆ ಹಿಡಿದವನು ಅಕ್ಕನ ಚಿಕ್ಕಪ್ಪನ ಮಗ.

ಅವನು ಮೊದಲು ಡಿಪೋಗೇ ಬಂದ. ನಾನು ಅಲ್ಲೇ ಇದ್ದೆ.

“ಅಕ್ಕ, ಕಮರ ಅಂತ ಬಿಲ್ಲು ಕೊಡು. ಮರ ನಾನು ನೋಡ್ಕಂತೀನಿ.”

“ಯಾವ ಮರ?”

“ನೀಲಗಿರಿ ಗಳ ಅದಾವೆ. ಕರೇ ಆಯಿಲ್ ಹೊಡೆಸ್ತೀನಿ. ಯಾವನು ಕೆರೆದು ನೋಡ್ತಾನೆ?”

ಅಕ್ಕ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಅವನ ಮುಖಕ್ಕೆ ಎಸೆದರು. “ಹೆಂಚಿನ ಭಾರ ಗೊತ್ತೇನಲೇ ನಿನಗೆ? ಅದರಡಿ ಹೆಂಗಸರು ಕುಂದ್ರುತಾರೆ. ನೀಲಗಿರಿ ಮಣ್ಣಾಗೆ ಎಷ್ಟು ಮಳೆ ತಡಿತೈತೆ? ಹೋಗು, ನಿಮ್ಮಪ್ಪನ ಮುಖ ನೋಡಿ ಬಿಟ್ಟಿದೀನಿ.”

ಅವನು ನಗುತ್ತ ಹೋದ. ಬಿಲ್ಲು ಬೇರೆ ಕಡೆ ಸಿಕ್ಕಿತು. ಚಪ್ಪರ ಎದ್ದಿತು, ಹಾರ ತುರಾಯಿ ಆಯಿತು. ಅಕ್ಕನ ತಂಗಿಯ ಮನೆ ರಾಂಪುರದಲ್ಲಿ. ಅಲ್ಲಿಗೆ ಹೋದಾಗ ಸಂತೆಗೂ ಹೋಗಿ ಚಾಕುವಿನಿಂದ ಕಂಬ ಕೆರೆದು ನೋಡಿದರು. ಕರಿ ಎಣ್ಣೆಯ ಕೆಳಗೆ ನಸುಗೆಂಪು ನೀಲಗಿರಿ. ಬುಡಕ್ಕೆ ಸಿಮೆಂಟಿನ ಬಟ್ಟಲು. ಸಮಿತಿಯವರ ಹತ್ತಿರ ಹೋಗಿ ಹೇಳಿದರು. “ನಿಮ್ಮ ಡಿಪೋದ ಮರ ತಗಳ್ಳಿಲ್ಲ ಅಂತ ಹೊಟ್ಟೆಯುರಿನಾ ಅಕ್ಕಾರೆ?” ಎಂದು ಅಧ್ಯಕ್ಷ ನಕ್ಕ. ಮತ್ತೆ ಹೇಳಿದಾಗ ಕುರ್ಚಿ ಕೊಡಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಹೇಳಿದರೆ ನೋಡೋಣ ಎಂದರು, ಯಾರೂ ನೋಡಲಿಲ್ಲ.

ಮುಂದಿನ ವರ್ಷದ ಮಳೆಗಾಲ ಕಳೆದ ಮೇಲೆ ಅಕ್ಕ ನನ್ನಿಂದ ಒಂದು ಚೂಪು ಸರಳು ಮಾಡಿಸಿಕೊಂಡು, ನನ್ನನ್ನೂ ಕರೆದುಕೊಂಡು ಸಂತೆಗೆ ಹೋದರು. ಸಂತೆ ತುಂಬಿತ್ತು. ಕಂಬದ ಕುತ್ತಿಗೆಗೆ ಸರಳು ಇಟ್ಟು ಒತ್ತಿದರು. ಬೆಲ್ಲದ ಮುದ್ದೆಗೆ ಹೋದಂತೆ ಒಳಗೆ ಹೋಯಿತು. ಒಂದೊಂದೇ ಕಂಬಕ್ಕೆ ಒತ್ತುತ್ತ ಹೋದ ಹಾಗೆ ಅವರ ಮುಖ ಕಪ್ಪಾಯಿತು. ಆಮೇಲೆ ಏಳಿರೇ ಎಂದು ಕಿರುಚತೊಡಗಿದರು.

ಯಾರೂ ಏಳಲಿಲ್ಲ. ವಾರದ ವ್ಯಾಪಾರ ಬಿಟ್ಟು ಯಾರು ಏಳುತ್ತಾರೆ? ಅಕ್ಕ ಹತ್ತಿರದ ಬುಟ್ಟಿಯನ್ನು ಕಾಲಿನಿಂದ ಹೊರಕ್ಕೆ ನೂಕಿದರು. ಟೊಮ್ಯಾಟೊ ಉರುಳಿ ಜನರ ಕಾಲಡಿಗೆ ಸಿಕ್ಕಿತು. ಅದು ಓಬಕ್ಕ ಎಂಬಾಕೆಯ ಬುಟ್ಟಿ. “ನಾ ಸರುಕಂತಾ ಪಾಡಾಯ ಕದಮ್ಮಾ!” ಎಂದು ಆಕೆ ತೆಲುಗಿನಲ್ಲಿ ಗೋಳಾಡಿದಳು, ನನ್ನ ಸರಕೆಲ್ಲ ಹಾಳಾಯಿತಲ್ಲಮ್ಮ ಎಂದು. ಆಮೇಲೆ ಅಕ್ಕನ ಸೆರಗು ಹಿಡಿದು ಎಳೆದಳು. ಉಳಿದ ಹೆಂಗಸರೂ ಎದ್ದು ಬಂದರು, ಅಕ್ಕನನ್ನು ಹೊಡೆಯಲಿಕ್ಕೆ. ಸಮಿತಿಯವರು ಪೊಲೀಸರನ್ನು ಕರೆಸಿದರು. ಸ್ಟೇಷನ್ನಿನಲ್ಲಿ ಅಕ್ಕನನ್ನು ಸಂಜೆಯವರೆಗೆ ನಿಲ್ಲಿಸಿ, ಇನ್ನು ಆ ಕಡೆ ಬರಬೇಡಿ ಎಂದು ಹೇಳಿ ಕಳಿಸಿದರು. ಅಕ್ಕ ಓಬಕ್ಕನ ಟೊಮ್ಯಾಟೊದ ಬೆಲೆಯನ್ನು ನನ್ನ ಕೈಯಲ್ಲಿ ಕಳಿಸಿದರು. ಆಕೆ ಅದನ್ನು ತೆಗೆದುಕೊಂಡು ನೆಲಕ್ಕೆ ಉಗಿದಳು.

ಸಮಿತಿಯವರು ಏನು ಮಾಡಿದರು ಗೊತ್ತೆ? ಕಂಬಗಳಿಗೆ ಇನ್ನೊಂದು ಸಲ ಎಣ್ಣೆ ಹೊಡೆಸಿದರು. ಸರಳಿನ ತೂತುಗಳಿಗೆ ಸಿಮೆಂಟು ಮೆತ್ತಿದರು. ಒಬ್ಬ ಮನುಷ್ಯ ಕಣ್ಣಾರೆ ಲಡ್ಡು ಮರ ಕಂಡು, ಅದರ ಕೆಳಗೆ ಕೂರುವ ಹೆಂಗಸರನ್ನೂ ಕಂಡು, ತೂತು ಮುಚ್ಚಿಸಿ ಮನೆಗೆ ಹೋಗಿ ಊಟ ಮಾಡುತ್ತಾನೆ.

ಸಂತೆಯಿಲ್ಲದ ಒಂದು ಬೆಳಿಗ್ಗೆ ಅಕ್ಕ ಡಿಪೋದ ಟ್ರ್ಯಾಕ್ಟರಿಗೆ ಸರಪಳಿ ಹಾಕಿಸಿಕೊಂಡು ನನ್ನ ಅಂಗಡಿಯ ಮುಂದೆ ನಿಂತರು. “ನಿಂಗೆ ಓಡಿಸಾಕೆ ಬರುತ್ತಲ್ಲ, ಹತ್ತು” ಎಂದರು. ನಾನು ಗ್ರೈಂಡರ್ ಆರಿಸಿ ಹತ್ತಿದೆ.

ಚಪ್ಪರದ ಕೆಳಗೆ ಒಂದು ನಾಯಿ ಮಲಗಿತ್ತು. ಅದನ್ನು ಮೊದಲು ಓಡಿಸಿದರು. ಸುತ್ತ ಹಗ್ಗ ಕಟ್ಟಿ, ದಾರಿಹೋಕರನ್ನು ದೂರ ನಿಲ್ಲಿಸಿದರು. ಮೂಲೆಯ ಕಂಬಕ್ಕೆ ಸರಪಳಿ ಬಿಗಿದು ಕೈ ಎತ್ತಿದರು. ನಾನು ಇನ್ನೂ ಸರಿಯಾಗಿ ಎಳೆದಿರಲಿಲ್ಲ. ಒಣಮರ ಮುರಿದರೆ ಚಟ್ಟೆಂದು ಸದ್ದು ಬರಬೇಕು. ಇದು ನೆನೆದ ರಟ್ಟಿನಂತೆ ಸದ್ದಿಲ್ಲದೆ ಕುತ್ತಿಗೆಯಲ್ಲಿ ಕಿತ್ತು ಬಂತು. ಅದರ ಹಿಂದೆ ಪಕ್ಕದ್ದು, ಅದರ ಪಕ್ಕದ್ದು. ಹೆಂಚುಗಳೆಲ್ಲ ಒಂದೇ ಸಲ ಕೆಳಗೆ ಬಂದವು. ಧೂಳು ಇಳಿದಾಗ ಹೆಂಗಸರು ಕೂರುವ ಜಾಗದಲ್ಲಿ ಹೆಂಚಿನ ಗುಡ್ಡೆ ಇತ್ತು. ನಾನು ಟ್ರ್ಯಾಕ್ಟರಿನಿಂದ ಇಳಿದು ಸರಪಳಿ ಬಿಚ್ಚಿದೆ.

ಅಕ್ಕ ಎರಡು ಕಂಬಗಳ ಕುತ್ತಿಗೆ ಕೊಯ್ಯಿಸಿ ಟ್ರ್ಯಾಕ್ಟರಿಗೆ ಹಾಕಿಸಿದರು. ಆಮೇಲೆ ತಾವೇ ಪೊಲೀಸರಿಗೆ ಫೋನು ಮಾಡಿ, ಕಲ್ಲಿನ ಮೇಲೆ ಕೂತು ಕಾದರು. ಪೊಲೀಸರು ಬಂದಾಗ ನನ್ನ ಕಡೆ ಬೆರಳು ತೋರಿಸಿ, “ಅವನು ಬಾಡಿಗೆಗೆ ಬಂದೋನು, ಅವನಿಗೇನೂ ಗೊತ್ತಿಲ್ಲ” ಎಂದರು. ನಾನು ಬಾಯಿ ತೆರೆದರೆ, “ಮುಚ್ಚಲೇ!” ಎಂದು ಗದರಿದರು. ಪೊಲೀಸಿನವರೂ ಬೆಚ್ಚಿದರು.

ಸಮಿತಿಯ ಆಸ್ತಿ ನಾಶ ಎಂದು ಕೇಸಾಯಿತು. ದೂರು ಕೊಡಿಸಿ ಸಾಕ್ಷಿ ಹೇಳಿದವನು ಚಿಕ್ಕಪ್ಪನ ಮಗ. ಕಂಬಗಳು ಗಟ್ಟಿಯಾಗಿದ್ದವು, ಟ್ರ್ಯಾಕ್ಟರಿನಿಂದ ಎಳೆದರೆ ಯಾವ ಕಂಬ ಉಳಿಯುತ್ತದೆ ಎಂದ. ಉಳಿದ ಕಂಬಗಳನ್ನು ಆ ವಾರವೇ ಸೌದೆಗೆ ಹಾಕಿಸಿಬಿಟ್ಟಿದ್ದ.

ಈ ನಡುವೆ ಸಮಿತಿಯವರು ಹೊಸ ಚಪ್ಪರಕ್ಕೆ ಕಬ್ಬಿಣದ ಕಂಬ ಹಾಕಿಸಲು ನನ್ನ ಹತ್ತಿರ ಬಂದರು. ನಾನು ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಎಂದೆ. ಅಕ್ಕನಿಗೆ ತಿಳಿದು ರಸ್ತೆ ದಾಟಿ ಬಂದರು. “ನಿನ್ನ ರೋಷ ತಗಂಡು ಏನು ಮಾಡ್ತೀಯಲೇ? ನೀನು ಒಲ್ಲೆ ಅಂದ್ರೆ ಇನ್ನೊಬ್ಬ ತೆಳ್ಳನೆ ಪೈಪು ಹಾಕ್ತಾನೆ. ಹೋಗಿ ಮಾಡು. ಕಲ್ಲಿನ ಪಾದದ ಮ್ಯಾಲೆ ನಿಲ್ಲಿಸು.” ಮಾಡಿದೆ. ಅಕ್ಕ ಸಂತೆಯ ದಿನವೇ ಬಂದು ಒಂದೊಂದು ಕಂಬವನ್ನೂ ಒದ್ದು ನೋಡಿದರು. ಒಂದರ ಬುಡದಲ್ಲಿ ನೀರು ನಿಂತಿತ್ತು. ಸಂತೆಯೆಲ್ಲ ಕೇಳುವಂತೆ ಬೈದರು. ಓಬಕ್ಕ ಬುಟ್ಟಿಯ ಹಿಂದೆ ಕೂತು ಅದನ್ನು ನೋಡುತ್ತಿದ್ದಳು. ಅವತ್ತು ಉಗಿಯಲಿಲ್ಲ.

ಮೊಳಕಾಲ್ಮುರಿನ ಕೋರ್ಟಿಗೆ ಅಕ್ಕ ವಾಯಿದೆಯ ಮೇಲೆ ವಾಯಿದೆ ತಿರುಗಿದರು. ಕಾಲು ಬಾತುಕೊಳ್ಳುತ್ತಿದ್ದವು, ಉಸಿರು ಸಾಲುತ್ತಿರಲಿಲ್ಲ. ಕೊನೆಯ ದಿನ ನ್ಯಾಯಾಧೀಶರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಪ್ಪೊಪ್ಪಿಕೊಂಡರೆ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ಸಮಾಧಾನದಿಂದಲೇ ಹೇಳಿದರು.

“ಕೆಡವಿದ್ದು ಹೌದು ತಾಯಿ, ನಾನೇ ಕೆಡವಿದೆ. ತಪ್ಪು ಅನ್ನಾದು ಮಾತ್ರ ನನ್ನ ಬಾಯಾಗೆ ಬರಲ್ಲ. ಅದನ್ನ ಹೇಳಬೇಕಾದೋನು ಅಗಾ, ಅಲ್ಲಿ ಹಿಂದೆ ಕುಂತವನೆ.”

ದಂಡ ಬಿತ್ತು. ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕೆಂಬ ಶಿಕ್ಷೆಯೂ ಆಯಿತು. ಚಿಕ್ಕಪ್ಪನ ಮಗ ಜೊತೆಯವರ ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಹೋದ. ಅಕ್ಕ ಗೋಡೆಗೊರಗಿ ಬೆಂಚಿನ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಓಬಕ್ಕ ಬಂದಳು. ಯಾರು ಹೇಳಿದರೋ ಗೊತ್ತಿಲ್ಲ. ಪಕ್ಕದಲ್ಲಿ ಕೂತು, ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ಅಕ್ಕನ ಕೈಗಿಟ್ಟಳು. ಅಕ್ಕ ಅಡಿಕೆಯನ್ನು ತಿರುಗಿಸಿ ನೋಡಿ, “ಇದು ಹುಳುಕು” ಎಂದರು. ಓಬಕ್ಕ ಬೇರೆ ಕೊಟ್ಟಳು.

ಸಂಜೆ ಅಕ್ಕನೂ ನಾನೂ ವಾಪಸ್ಸು ಹೊರಟೆವು. ಚಳ್ಳಕೆರೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ, “ಲೇ ತಮ್ಮ, ಅವನ ಮ್ಯಾಲೆ ನಾವ್ಯಾಕೆ ಕೇಸು ಹಾಕಬಾರದು?” ಎಂದರು.

“ಹಾಕಾಣಕ್ಕ.”

ಹಾಕಿದೆವು. ಕಮರದ ಹೆಸರಿನಲ್ಲಿ ನೀಲಗಿರಿ ನೆಟ್ಟು ಜನರ ಜೀವಕ್ಕೆ ಕುತ್ತು ತಂದನೆಂದು ದೂರು. ಕೊಯ್ದಿಟ್ಟಿದ್ದ ಆ ಎರಡು ಕುತ್ತಿಗೆಗಳು ನನ್ನ ಅಂಗಡಿಯ ಹಿಂದೆ ಬೀಗದೊಳಗಿವೆ. ವಿಚಾರಣೆ ಶುರುವಾಗುವ ಮೊದಲೇ ಅಕ್ಕನ ಎದೆಬಡಿತ ನಿಂತಿತು. ಬೆಳಿಗ್ಗೆ ಡಿಪೋದಲ್ಲಿ ಯಾರಿಗೋ ಬೈಯುತ್ತ ನಿಂತಿದ್ದವರು ಹಾಗೇ ಕುಸಿದರು. ನಾನು ರಸ್ತೆ ದಾಟಿ ಓಡುವಷ್ಟರಲ್ಲಿ ಮುಗಿದಿತ್ತು.

ಶ್ರದ್ಧಾಂಜಲಿ ಸಭೆಯಾದ ಮರುದಿನ ಚಿಕ್ಕಪ್ಪನ ಮಗ ಫೋನು ಮಾಡಿದ. ದನಿಯಲ್ಲಿ ಜೇನು.

“ಅಕ್ಕನೇ ಹೋದ ಮ್ಯಾಲೆ ಇನ್ನೇನು ಭಾಯ್? ದೂರು ಕೊಟ್ಟೋರೇ ಇಲ್ಲ. ಅದನ್ನ ಮುಗಿಸಿಬಿಡಾಣ.”

“ದೂರಿನಾಗೆ ಎರಡನೇ ಹೆಸರು ನಂದೈತೆ” ಎಂದೆ. “ನಾನಿನ್ನೂ ಸತ್ತಿಲ್ಲ.”